ತಟ್ಟೆಯಗಲದ ಎರಿ ಹೊಲ

ಜೀಪು ಕಟ್ಟೋಕೆ ಎಂಟು ದಿನ ಹಿಡಿಯಿತು, ಅದರ ಕೆಳಗಿನ ನೆಲಕ್ಕೆ ಎರಡು ತಿಂಗಳು. 1:35 ಅಳತೆಯ, ಅಂದರೆ ನಿಜದ್ದರ ಮೂವತ್ತೈದನೇ ಒಂದು ಭಾಗದ, ವಿಲ್ಲಿಸ್ ಜೀಪಿನ ಮಾಡೆಲ್ ಕಿಟ್. ನಿಜವಾದದ್ದು ಸುಮಾರು 3.3 ಮೀಟರ್ ಉದ್ದ, ನನ್ನದು ಒಂಬತ್ತೂವರೆ ಸೆಂಟಿಮೀಟರ್. ಯುದ್ಧದ ಜೀಪೇ, ಆದರೆ ನನಗೆ ಅದನ್ನು ಸಿರುಗುಪ್ಪ ಕಡೆಯ ಹತ್ತಿ ಹೊಲದ ಅಂಚಿಗೆ ನಿಲ್ಲಿಸಬೇಕಿತ್ತು. ಬೇಸಿಗೆ, ಹತ್ತಿ ಬಿಡಿಸಿ ಆಗಿದೆ, ನೆಲ ಬಾಯಿ ಬಿಟ್ಟಿದೆ.

ಎರಿ ಮಣ್ಣಿಗೆ (ಹತ್ತಿ ಬೆಳೆಯುವ ಕಪ್ಪು ಮಣ್ಣು) ಚಿಕ್ಕಪ್ಪನ ಹೊಲಕ್ಕೆ ಹೋದೆ. "ಏನಪ್ಪಾ, ಎರಿ ಮಣ್ಣು ಕ್ಯಾರಿಬ್ಯಾಗಿನ್ಯಾಗ ಒಯ್ಯಾಕತ್ತೀಯಲ್ಲ, ಮನ್ಯಾಗ ಹೊಲ ಮಾಡ್ತೀ ಏನು?" ಅಂದರು. ಹೂಂ ಅಂದೆ, ಸುಳ್ಳೇನಲ್ಲ.

ಮಾಡೆಲ್‌ಗೆ ನಿಜವಾದ ಮಣ್ಣು ಸಾಮಾನ್ಯವಾಗಿ ಹೊಂದೋದಿಲ್ಲ. ಮಸಾರಿ ಮಣ್ಣು (ಮರಳು ಬೆರೆತ ಕೆಂಪು ಮಣ್ಣು) ಹಾಕಿ ನೋಡಿದ್ದೆ. ಅದರಲ್ಲಿರುವ ಒಂದು ಮಿಲಿಮೀಟರ್ ಮರಳಿನ ಕಾಳು ಈ ಅಳತೆಯಲ್ಲಿ ಮೂರೂವರೆ ಸೆಂಟಿಮೀಟರ್ ಕಲ್ಲು! ಹೊಲ ಹೋಗಿ ಜಲ್ಲಿ ರಾಶಿ ಆಗಿತ್ತು. ಎರಿ ಮಣ್ಣು ಹಾಗಲ್ಲ, ಬಲು ನುಣುಪು. ತವೆ ಮೇಲೆ ಹುರಿದು (ಇಲ್ಲದಿದ್ದರೆ ಆಮೇಲೆ ಹುಳ, ಬೂಷ್ಟು), ಕುಟ್ಟಿ, ಟೀ ಸೋಸುವ ಜರಡಿಯಲ್ಲಿ, ಮತ್ತೆ ಹಳೆ ನೈಲಾನ್ ಸೀರೆಯಲ್ಲಿ ಜರಡಿ ಹಿಡಿದೆ.

ಮೊದಲ ಸಲ ಎಲ್ಲರೂ ಮಾಡೋ ಹಾಗೆ ಮಣ್ಣಿಗೆ ಫೆವಿಕಾಲ್ ಕಲಸಿದೆ. ಗಟ್ಟಿಯಾಯಿತು, ಆದರೆ ಒಂದು ಬಿರುಕೂ ಇಲ್ಲ. ಹೋಳಿಗೆ ಹೂರಣ ಬಳಿದ ಹಾಗೆ ಹೊಳೀತಿತ್ತು. ಎರಡನೇ ಸಲ ಬರೀ ನೀರಲ್ಲಿ ಕಲಸಿ, ಎರಡು ಸೆಂಟಿಮೀಟರ್ ದಪ್ಪ ಮೆತ್ತಿ ಬಿಸಿಲಿಗಿಟ್ಟೆ. ಬಳ್ಳಾರಿ ಬಿಸಿಲು ಗೊತ್ತಲ್ವಾ, ಸಂಜೆ ಹೊತ್ತಿಗೆ ನಾಲ್ಕೇ ತುಂಡು, ಅಂಚು ಮೇಲೆದ್ದು ಹಪ್ಪಳದ ಹಾಗೆ.

ಗುಟ್ಟು ಇರೋದು ದಪ್ಪದಲ್ಲಿ. ಪದರ ತೆಳುವಾದಷ್ಟೂ ಬಿರುಕು ಹತ್ತಿರ ಹತ್ತಿರ ಬೀಳುತ್ತವೆ. ಪ್ಲೈವುಡ್ ಮೇಲೆ ಫೆವಿಕಾಲ್ ಬಳಿದು ಮರಳು ಉದುರಿಸಿ ಒಣಗಿಸಿದೆ, ಮಣ್ಣಿಗೆ ಕೆಳಗಿಂದ ಹಿಡಿತ ಸಿಗಲಿ ಅಂತ. ಅದರ ಮೇಲೆ ಮೂರು ಮಿಲಿಮೀಟರ್ ಮಣ್ಣು, ನೆರಳಲ್ಲಿ ಎರಡು ದಿನ. ಹೆಬ್ಬೆಟ್ಟಿನ ಉಗುರಿನಷ್ಟು ಅಗಲದ ತುಂಡುಗಳು, ನಡುವೆ ಕೂದಲೆಳೆಯಿಂದ ಒಂದು ಮಿಲಿಮೀಟರ್‌ವರೆಗಿನ ಬಿರುಕು. ನಿಜದ ಹೊಲದಲ್ಲಿ ಅದು ಕೈಬೆರಳು ಇಳಿಯುವಷ್ಟು. ಅವತ್ತು ಊಟ ಸರಿಯಾಗಿ ಇಳೀಲಿಲ್ಲ, ಎದ್ದು ಎದ್ದು ಹೋಗಿ ನೋಡ್ತಿದ್ದೆ.

ಗಾಲಿ ಗುರುತು ಮಾತ್ರ ಮಣ್ಣು ಅರೆ ಒಣಗಿದಾಗಲೇ ಒತ್ತಬೇಕು. ಕಿಟ್‌ನ ಸ್ಟೆಪ್ನಿಯನ್ನೇ ನೀರಲ್ಲಿ ಅದ್ದಿ ಉರುಳಿಸಿದೆ. ಜೀಪು ನಿಲ್ಲುವ ಜಾಗದಲ್ಲಿ ನಾಲ್ಕು ಗಾಲಿಗೂ ಸಣ್ಣ ಗುಂಡಿ ಒತ್ತಿಟ್ಟೆ. ಇಲ್ಲದಿದ್ದರೆ ಗಾಡಿ ನೆಲದ ಮೇಲೆ ತೇಲುತ್ತಿರೋ ಹಾಗೆ ಕಾಣುತ್ತೆ.

ಗಟ್ಟಿ ಮಾಡೋದರಲ್ಲಿ ಮತ್ತೆ ಎಡವಿದೆ. ನೀರು ಬೆರೆಸಿದ ಫೆವಿಕಾಲನ್ನು ಸಿರಿಂಜಿನಲ್ಲಿ ಹನಿಸಿದ ಕೂಡಲೇ ಮಣ್ಣು ಉಬ್ಬಿ ಬಿರುಕೆಲ್ಲ ಮುಚ್ಚಿಕೊಂಡಿತು. ಮಳೆ ಬಿದ್ದರೆ ಹೊಲದಲ್ಲೂ ಹಾಗೇ ತಾನೆ, ಮೊದಲೇ ಹೊಳೀಬೇಕಿತ್ತು. ಹೊಸದಾಗಿ ಮೆತ್ತಿ, ಒಣಗಿಸಿ, ಈ ಸಲ ಮ್ಯಾಟ್ ವಾರ್ನಿಷ್ ಸ್ಪ್ರೇಯನ್ನು ದೂರದಿಂದ ನಾಲ್ಕೈದು ತೆಳು ಕೋಟ್ ಹೊಡೆದೆ. ಥರ್ಮಾಕೋಲ್ ಮೇಲೆ ಮಾಡುವವರು ಜೋಕೆ, ಸ್ಪ್ರೇ ಬಿರುಕಿನೊಳಗೆ ಇಳಿದು ಅದನ್ನು ಕರಗಿಸಿಬಿಡುತ್ತೆ.

ವಾರ್ನಿಷ್ ಬಿದ್ದ ಮೇಲೆ ಮಣ್ಣು ಕಡುಕಪ್ಪಾಯಿತು. ಒಣಗಿದ ಎರಿ ನೆಲ ಕಪ್ಪಲ್ಲ, ಬೂದಿ ಬಣ್ಣ. ಬ್ರಶ್ಶಿಗೆ ತಿಳಿ ಬೂದಿ ಬಣ್ಣ ಹಚ್ಚಿ, ಬಟ್ಟೆಗೆ ಒರೆಸಿ, ಉಳಿದಷ್ಟನ್ನು ಮಣ್ಣಿನ ಅಂಚುಗಳಿಗೆ ಸವರಿದೆ. ಅಲ್ಲಲ್ಲಿ ಸುಣ್ಣದ ಹರಳಿಗೆ ಸೀಮೆಸುಣ್ಣದ ಪುಡಿ. ಬದುವಿಗೆ ಒಂದು ಬಳ್ಳಾರಿ ಜಾಲಿ, ಕಳೆ ಗಿಡದ ಬೇರನ್ನು ತಲೆಕೆಳಗು ಮಾಡಿ ನೆಟ್ಟದ್ದು. ಜೀಪಿನ ಗಾಲಿ, ಮಡ್‌ಗಾರ್ಡಿಗೂ ಅದೇ ಮಣ್ಣಿನ ಪುಡಿ ಉಜ್ಜಿದೆ.

ಹತ್ತಿ ಕೂಳೆಗೆ ಕಸಬರಿಗೆ ಕಡ್ಡಿ. ಚಿಕ್ಕಪ್ಪ ಬಂದಾಗ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದರು. ಬಿರುಕಿನ ಬಗ್ಗೆ ಒಂದು ಮಾತಿಲ್ಲ. "ಸಾಲು ಬಾಳ ಒತ್ತಾಗ ಹಾಕೀಯಲ್ಲೋ. ಮೂರು ಫೂಟು ಬೇಕು, ಹಿಂಗಿದ್ರ ಎಡಿ ಹೆಂಗ ಹೊಡೀತೀ?"

ಎಡಿ ಹೊಡೆಯೋದು ಅಂದರೆ ಸಾಲುಗಳ ನಡುವೆ ಕುಂಟೆ ಹೊಡೆಯೋದು. ಮೂರು ಫೂಟು ಅಂದರೆ ಇಲ್ಲಿ 2.6 ಸೆಂಟಿಮೀಟರ್. ನಾನು ಒಂದೂವರೆಗೆ ನೆಟ್ಟಿದ್ದೆ. ಅವರು ಹೋದ ಮೇಲೆ ಚಿಮಟ ಹಿಡಿದು ಒಂದೊಂದೇ ಕಿತ್ತೆ.