ಅಮೆರಿಕದಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಆಗುವುದು ಹೇಗೆ: ಅರ್ಜಿಯಿಂದ ಲೈಸೆನ್ಸ್‌ವರೆಗೆ

ಜ್ವರ ಬಂದ ಮಗುವಿನಿಂದ ಹಿಡಿದು ಬಿಪಿ, ಶುಗರ್ ಇರುವ ಅಜ್ಜನವರೆಗೆ ಮನೆಮಂದಿಯನ್ನೆಲ್ಲ ಕ್ಲಿನಿಕ್‌ನಲ್ಲಿ ಪರೀಕ್ಷಿಸಿ, ರೋಗ ಪತ್ತೆ ಮಾಡಿ, ಔಷಧ ಬರೆದುಕೊಡುವ ನರ್ಸ್‌ಗೆ ಅಮೆರಿಕದಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್, ಚಿಕ್ಕದಾಗಿ ಎಫ್‌ಎನ್‌ಪಿ ಎನ್ನುತ್ತಾರೆ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಮತ್ತು ಡಾ. ಹೆನ್ರಿ ಸಿಲ್ವರ್ ಮಕ್ಕಳ ಆರೈಕೆಗೆಂದು ಆರಂಭಿಸಿದ ತರಬೇತಿಯಿಂದ ನರ್ಸ್ ಪ್ರಾಕ್ಟೀಷನರ್ ವೃತ್ತಿ ಬೆಳೆಯಿತು. ಈಗ ಇದಕ್ಕೆ ಸ್ನಾತಕೋತ್ತರ ಪದವಿ (ಎಂಎಸ್‌ಎನ್) ಅಥವಾ ಡಾಕ್ಟರೇಟ್ (ಡಿಎನ್‌ಪಿ) ಬೇಕು.

ನಿಮಗೆ ಐಸಿಯು ಕೆಲಸವೇ ಇಷ್ಟವೆಂದರೆ ಈ ಕೋರ್ಸ್ ಬೇಡ. ಎಫ್‌ಎನ್‌ಪಿ ಪ್ರಾಥಮಿಕ ಚಿಕಿತ್ಸೆಯ ಓದು. ವೆಂಟಿಲೇಟರ್ ಮೇಲಿರುವ ರೋಗಿಗಳನ್ನು ನೋಡಿಕೊಳ್ಳಲು ಅಕ್ಯೂಟ್ ಕೇರ್ ಎಂಬ ಬೇರೆ ವಿಭಾಗವಿದೆ. ‘ಎಫ್‌ಎನ್‌ಪಿ ಮಾಡಿದರೆ ಎಲ್ಲ ಕಡೆಯೂ ನಡೆಯುತ್ತದೆ’ ಎಂಬ ಮಾತು ನಂಬಿ ಸೇರಿದವರು ಮತ್ತೆ ದುಡ್ಡು ಸುರಿದು ಇನ್ನೊಂದು ಸರ್ಟಿಫಿಕೇಟ್ ಮಾಡಬೇಕಾಗುತ್ತದೆ.

ಮೊದಲು ಆರ್‌ಎನ್

ಅಮೆರಿಕದ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಇಲ್ಲದೆ ಈ ಓದಿನ ಕ್ಲಿನಿಕಲ್ ಭಾಗಕ್ಕೆ ಹೋಗಲಾಗದು. ಕರ್ನಾಟಕದಲ್ಲಿ ಓದಿದವರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್ ಮತ್ತು ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ದೃಢೀಕರಣವನ್ನು ವಿದೇಶಿ ಓದಿನ ಮೌಲ್ಯಮಾಪನ ಸಂಸ್ಥೆಗೆ ಕಳಿಸಿ, ಆರ್‌ಎನ್ ಲೈಸೆನ್ಸ್‌ನ ಪರೀಕ್ಷೆಯಾದ ಎನ್‌ಕ್ಲೆಕ್ಸ್ ಬರೆಯಬೇಕು. ಈ ಪರೀಕ್ಷೆಗೆ ಬೆಂಗಳೂರಿನಲ್ಲೇ ಕೇಂದ್ರವಿದೆ. ಹೆಚ್ಚು ದಿನ ಹಿಡಿಯುವುದು ಕಾಗದಪತ್ರ, ಪರೀಕ್ಷೆಯಲ್ಲ. ಪಾಸ್‌ಪೋರ್ಟ್, ಅಂಕಪಟ್ಟಿ, ಕೌನ್ಸಿಲ್ ನೋಂದಣಿ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ರೀತಿ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಊರು ಬಿಡುವ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ.

ಜಿಎನ್‌ಎಂ ಡಿಪ್ಲೊಮಾ ಮಾತ್ರ ಮಾಡಿದವರಿಗೆ ಪದವಿಯ ಕೊರತೆ ಬೀಳುತ್ತದೆ. ಪೋಸ್ಟ್ ಬೇಸಿಕ್ ಬಿಎಸ್‌ಸಿ ಮುಗಿಸುವುದು ಅಥವಾ ಅಮೆರಿಕದಲ್ಲಿ ಡಿಪ್ಲೊಮಾ ನರ್ಸ್‌ಗಳನ್ನು ನೇರ ತೆಗೆದುಕೊಳ್ಳುವ ಸೇತು ಕೋರ್ಸ್ ಹಿಡಿಯುವುದು, ಇವೆರಡು ದಾರಿಗಳಿವೆ. ಭಾರತದ ಎಂಎಸ್‌ಸಿ ನರ್ಸಿಂಗ್, ಅದು ಕಮ್ಯುನಿಟಿ ಹೆಲ್ತ್ ಆಗಿದ್ದರೂ, ಎಫ್‌ಎನ್‌ಪಿ ಪರೀಕ್ಷೆಗೆ ಅರ್ಹತೆ ಕೊಡುವುದಿಲ್ಲ. ಆದರೆ ಅದು ವ್ಯರ್ಥವಲ್ಲ: ಎಂಎಸ್‌ಸಿ ಇದ್ದವರನ್ನು ಸ್ನಾತಕೋತ್ತರ ನಂತರದ ಸರ್ಟಿಫಿಕೇಟ್ ಕೋರ್ಸ್‌ಗೆ ಪರಿಗಣಿಸುವ ಕಾಲೇಜುಗಳಿವೆ. ಅವು ವಿಷಯವಾರು ಹೋಲಿಕೆ ಮಾಡುವುದರಿಂದ ಹಳೆಯ ಸಿಲಬಸ್ ಪ್ರತಿಯನ್ನು ಎಸೆಯಬೇಡಿ.

ವೀಸಾ ವಿಚಾರ ಕಡೆಗಣಿಸುವಂತಿಲ್ಲ. ಎಫ್‌ಎನ್‌ಪಿ ಕೋರ್ಸ್‌ಗಳಲ್ಲಿ ಬಹಳಷ್ಟು ಆನ್‌ಲೈನ್. ಪೂರ್ತಿ ಆನ್‌ಲೈನ್ ಓದಿಗೆ ಎಫ್-1 ವಿದ್ಯಾರ್ಥಿ ವೀಸಾ ಸಿಗದು. ಹಾಗಾಗಿ ಆರ್‌ಎನ್ ಕೆಲಸದ ಮೇಲೆ ಗ್ರೀನ್ ಕಾರ್ಡ್‌ನಲ್ಲಿ ಹೋಗಿ, ಒಂದೆರಡು ವರ್ಷ ಅಲ್ಲಿನ ವಾರ್ಡ್ ಅನುಭವ ಪಡೆದು, ಕೆಲಸದ ಜೊತೆಗೇ ಓದುವುದು ಹೆಚ್ಚು ಗಟ್ಟಿಯಾದ ದಾರಿ.

ಕಾಲೇಜಿಗೆ ಕೇಳಬೇಕಾದ ಪ್ರಶ್ನೆ

ಮಾನ್ಯತೆ ಮೊದಲು. ನರ್ಸಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಿಸಿಎನ್‌ಇ, ಎಸಿಇಎನ್, ಸಿಎನ್‌ಇಎ ಈ ಮೂರು ಸಂಸ್ಥೆಗಳಲ್ಲಿ ಒಂದರ ಮಾನ್ಯತೆ ಇಲ್ಲದ ಕಡೆ ಓದಿದರೆ ಪ್ರಮಾಣೀಕರಣ ಪರೀಕ್ಷೆಗೆ ಕೂರಲಾಗದು. ಆಮೇಲೆ, ನೀವಿರುವ ರಾಜ್ಯದ ವಿದ್ಯಾರ್ಥಿಗಳನ್ನು ಆ ಆನ್‌ಲೈನ್ ಕಾಲೇಜು ತೆಗೆದುಕೊಳ್ಳುತ್ತದೆಯೇ ಎಂದು ಲಿಖಿತವಾಗಿ ತಿಳಿದುಕೊಳ್ಳಿ. ಓದಿನ ನಡುವೆ ಬೇರೆ ರಾಜ್ಯಕ್ಕೆ ಮನೆ ಬದಲಿಸಿ ಸೀಟು ಕಳೆದುಕೊಳ್ಳುವವರೂ ಇದ್ದಾರೆ.

ಶುಲ್ಕಕ್ಕಿಂತ ಮುಖ್ಯವಾದ ಪ್ರಶ್ನೆ: ‘ನನ್ನ ಪ್ರಿಸೆಪ್ಟರನ್ನು ಹುಡುಕುವವರು ಯಾರು?’ ಪ್ರಿಸೆಪ್ಟರ್ ಎಂದರೆ ಕ್ಲಿನಿಕ್‌ನಲ್ಲಿ ನಿಮ್ಮನ್ನು ಜೊತೆಗಿಟ್ಟುಕೊಂಡು ಕಲಿಸುವ ನರ್ಸ್ ಪ್ರಾಕ್ಟೀಷನರ್ (ಎನ್‌ಪಿ) ಅಥವಾ ವೈದ್ಯರು. ‘ನೀವೇ ಹುಡುಕಿಕೊಳ್ಳಿ, ನಾವು ಒಪ್ಪಿಗೆ ಕೊಡುತ್ತೇವೆ’ ಎನ್ನುವ ಕಾಲೇಜುಗಳು ಬೇಕಾದಷ್ಟಿವೆ. ಅಲ್ಲಿನ ಊರಿನಲ್ಲಿ ನಂಟರಿಲ್ಲ, ಪರಿಚಯದ ವೈದ್ಯರಿಲ್ಲ ಎನ್ನುವವರಿಗೆ ಇದು ಕಠಿಣ. ಪ್ರಿಸೆಪ್ಟರ್ ಸಿಗದೆ ಇಡೀ ಸೆಮಿಸ್ಟರ್ ಕೈತಪ್ಪುತ್ತದೆ, ಇಲ್ಲವೇ ದಲ್ಲಾಳಿ ಸಂಸ್ಥೆಗಳಿಗೆ ಹಣ ತೆರಬೇಕಾಗುತ್ತದೆ. ಕ್ಲಿನಿಕ್‌ನಲ್ಲಿ ಜಾಗ ಹೊಂದಿಸುವ ಜವಾಬ್ದಾರಿಯನ್ನು ತಾನೇ ಹೊರುವ ಕಾಲೇಜಿನ ಫೀಸು ಸ್ವಲ್ಪ ಹೆಚ್ಚಾದರೂ ಅದನ್ನೇ ಆರಿಸಿ.

ಓದು ಮತ್ತು ಕ್ಲಿನಿಕ್ ಗಂಟೆಗಳು

ಪೂರ್ಣಾವಧಿಯಲ್ಲಿ ಎಂಎಸ್‌ಎನ್‌ಗೆ ಎರಡರಿಂದ ಮೂರು ವರ್ಷ. ಮೊದಲಿಗೆ ಬರುವ ಮೂರು ವಿಷಯಗಳು ಉನ್ನತ ಪ್ಯಾಥೋಫಿಸಿಯಾಲಜಿ, ಫಾರ್ಮಕಾಲಜಿ, ದೈಹಿಕ ಪರೀಕ್ಷೆ. ಇವು ಪ್ರತ್ಯೇಕ ಕೋರ್ಸ್‌ಗಳಾಗಿಯೇ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣಬೇಕು. ಫಾರ್ಮಕಾಲಜಿ ನಡೆಯುವ ಸೆಮಿಸ್ಟರ್‌ನಲ್ಲಿ ಪೂರ್ತಿ ಡ್ಯೂಟಿ ಇಟ್ಟುಕೊಳ್ಳಬೇಡಿ. ಎಡವುವವರು ಅಲ್ಲಿಯೇ ಎಡವುತ್ತಾರೆ.

2022ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಮಾನದಂಡದಂತೆ ರೋಗಿಯನ್ನು ನೇರವಾಗಿ ನೋಡುವ ಕನಿಷ್ಠ 750 ಗಂಟೆ ಬೇಕು. ಗೊಂಬೆಗಳ ಮೇಲಿನ ಸಿಮ್ಯುಲೇಷನ್ ಇದರಲ್ಲಿ ಸೇರದು. 15 ವಾರಗಳ ಮೂರು ಸೆಮಿಸ್ಟರ್‌ಗೆ ಹಂಚಿದರೆ ವಾರಕ್ಕೆ ಸುಮಾರು 17 ಗಂಟೆ, ಅಂದರೆ ಎರಡು ಪೂರ್ತಿ ದಿನ. ರಜೆ, ಪ್ರಿಸೆಪ್ಟರ್‌ನ ಗೈರುಹಾಜರಿ ಲೆಕ್ಕ ಹಾಕಿ ಒಂದು ವಾರದ ಗಂಟೆಗಳನ್ನಾದರೂ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ವಯಸ್ಕರ ಗಂಟೆ ಬೇಗ ತುಂಬುತ್ತದೆ. ಮಕ್ಕಳ ಮತ್ತು ಸ್ತ್ರೀರೋಗದ ಜಾಗ ಸಿಗುವುದೇ ಕಷ್ಟ. ಅವನ್ನು ಮೊದಲು ಕಾದಿರಿಸಿ, ಆರು ತಿಂಗಳು ಮುಂಚೆಯೇ. ಕಾಲೇಜು ಮತ್ತು ಕ್ಲಿನಿಕ್ ನಡುವಿನ ಒಪ್ಪಂದಕ್ಕೆ ಸಹಿ ಬೀಳಲು ತಿಂಗಳುಗಳೇ ಹಿಡಿಯಬಹುದು, ಸಹಿಗೆ ಮುಂಚಿನ ಗಂಟೆ ಲೆಕ್ಕಕ್ಕಿಲ್ಲ.

ಭಾರತದಲ್ಲಿ ಹುಟ್ಟಿದವರಿಗೆ ಇನ್ನೊಂದು ಸೂಚನೆ. ಕ್ಲಿನಿಕ್‌ಗೆ ಮುನ್ನ ಕ್ಷಯದ ತಪಾಸಣೆ ಕಡ್ಡಾಯ. ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆ ಸುಳ್ಳು ಪಾಸಿಟಿವ್ ತೋರಿಸಬಹುದು. ರಕ್ತದ ಪರೀಕ್ಷೆಯನ್ನೇ ಕೇಳಿ.

ಕ್ಲಿನಿಕ್‌ನಲ್ಲಿ ಅನುಭವಿ ನರ್ಸ್‌ಗಳೇ ತಡವರಿಸುವ ಜಾಗವೊಂದಿದೆ. ಲಕ್ಷಣ ವರದಿ ಮಾಡಿ ಆದೇಶಕ್ಕೆ ಕಾಯುವುದು ವಾರ್ಡಿನ ಅಭ್ಯಾಸ. ಇಲ್ಲಿ ಆದೇಶ ಬರೆಯುವವರು ನೀವೇ. ಪ್ರತಿ ರೋಗಿಗೂ ಮೂರು ಸಂಭವನೀಯ ರೋಗಗಳನ್ನು ಹೆಸರಿಸಿ, ಯಾವುದು ಏಕೆ, ಯಾವುದು ಏಕಲ್ಲ ಎಂದು ಪ್ರಿಸೆಪ್ಟರ್ ಕೇಳುವ ಮೊದಲೇ ಹೇಳಿ. ತಪ್ಪಾದರೂ ಹೇಳಿ, ಕಲಿಕೆ ಆಗುವುದು ಅಲ್ಲೇ.

ಪರೀಕ್ಷೆ, ಲೈಸೆನ್ಸ್

ಪ್ರಮಾಣೀಕರಣಕ್ಕೆ ಎಎಎನ್‌ಪಿಸಿಬಿ, ಎಎನ್‌ಸಿಸಿ ಎಂಬ ಎರಡು ಮಂಡಳಿಗಳ ಪರೀಕ್ಷೆಗಳಲ್ಲಿ ಒಂದು ಸಾಕು. ಎಎಎನ್‌ಪಿಸಿಬಿಯದು 150 ಪ್ರಶ್ನೆ, 135ಕ್ಕೆ ಮಾತ್ರ ಅಂಕ. ಬಹುತೇಕ ರೋಗಿ ಆರೈಕೆಯ ಪ್ರಶ್ನೆಗಳೇ. ಎಎನ್‌ಸಿಸಿಯದು 175 ಪ್ರಶ್ನೆ, 150ಕ್ಕೆ ಅಂಕ. ಸಂಶೋಧನೆ, ನೀತಿ, ವೃತ್ತಿ ಪಾತ್ರದ ಪ್ರಶ್ನೆಗಳೂ ಇರುತ್ತವೆ. ಎರಡೂ ಐದು ವರ್ಷಕ್ಕೊಮ್ಮೆ ನವೀಕರಣ.

ಪಾಸಾದ ಮೇಲೆ ರಾಜ್ಯದ ಎನ್‌ಪಿ ಲೈಸೆನ್ಸ್. ಒಂದೇ ಆರ್‌ಎನ್ ಲೈಸೆನ್ಸ್ ಹಲವು ರಾಜ್ಯಗಳಲ್ಲಿ ನಡೆಯುವಂತೆ ಮಾಡುವ ಬಹುರಾಜ್ಯ ಒಪ್ಪಂದ ಇದಕ್ಕೆ ಅನ್ವಯಿಸದು. ವಾಷಿಂಗ್ಟನ್, ಅರಿಝೋನಾಗಳಲ್ಲಿ ಸ್ವತಂತ್ರವಾಗಿ ಕೆಲಸ ಮಾಡಬಹುದು, ಟೆಕ್ಸಾಸ್‌ನಲ್ಲಿ ಔಷಧ ಬರೆಯಲು ವೈದ್ಯರೊಬ್ಬರ ಜೊತೆ ಒಪ್ಪಂದ ಬೇಕು. ನಿಯಂತ್ರಿತ ಔಷಧಗಳನ್ನು ಬರೆಯಲು ಡಿಇಎ (ಅಮೆರಿಕದ ಮಾದಕವಸ್ತು ನಿಯಂತ್ರಣ ಸಂಸ್ಥೆ) ನೋಂದಣಿ ಬೇಕು, ಅದಕ್ಕೆ ವ್ಯಸನ ಚಿಕಿತ್ಸೆಯ 8 ಗಂಟೆ ತರಬೇತಿ ಕಡ್ಡಾಯ. ನಿಮ್ಮ ಕೋರ್ಸ್‌ನಲ್ಲೇ ಅದು ಸೇರಿದ್ದರೆ ಕಾಲೇಜಿನಿಂದ ಪತ್ರ ಪಡೆಯಿರಿ. ಕೊನೆಯಲ್ಲಿ ವಿಮಾ ಕಂಪನಿಗಳು ನಿಮ್ಮನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬೇಕು, ಅದಕ್ಕೂ ತಿಂಗಳುಗಳು ಬೇಕಾಗುತ್ತವೆ. ಹೊಸ ಕ್ಲಿನಿಕ್ ಸೇರುವ ದಿನಾಂಕ ಲಿಖಿತವಾಗಿ ಕೈಸೇರುವವರೆಗೆ ಆರ್‌ಎನ್ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.