ಲಕ್ಷಗಟ್ಟಲೆ ರೆಕಾರ್ಡ್‌ಗಳ ಕೆಲಸ ಬೇಗ ಮುಗಿಸುವುದು ಹೇಗೆ

ಸಾವಿರ ರೆಕಾರ್ಡ್‌ಗೆ ಚಕಚಕ ಓಡುತ್ತಿದ್ದ ಸ್ಕ್ರಿಪ್ಟ್ ಹತ್ತು ಲಕ್ಷಕ್ಕೆ ಬಂದ ಕೂಡಲೇ ಏದುಸಿರು ಬಿಡುತ್ತದೆ. ಆಗ ಎಲ್ಲರಿಗೂ ಮೊದಲು ನೆನಪಾಗುವುದು ದೊಡ್ಡ ಸರ್ವರ್. ಸ್ವಲ್ಪ ತಡೆಯಿರಿ. ಎಷ್ಟೋ ಸಲ ಡೇಟಾಬೇಸ್ ಸುಮ್ನೆ ಕಾಯುತ್ತಾ ಕೂತಿರುತ್ತದೆ, ಒಂದೊಂದೇ ರೆಕಾರ್ಡ್ ಹಿಡಿದುಕೊಂಡು ಓಡಾಡಿ ಹೊತ್ತು ಕಳೆಯುವುದು ನಮ್ಮ ಕೋಡ್.

ಲೆಕ್ಕ ಹಾಕಿ ನೋಡಿ. ಒಂದು ಕ್ವೆರಿ (ಡೇಟಾಬೇಸ್‌ಗೆ ಕಳಿಸುವ ಆದೇಶ) ನೆಟ್‌ವರ್ಕ್‌ನಲ್ಲಿ ಹೋಗಿ ಬರಲು 1 ಮಿಲಿಸೆಕೆಂಡ್ ಅಂದುಕೊಂಡರೂ, 10 ಲಕ್ಷ ಸಲ ಹೋಗಿ ಬಂದರೆ 16 ನಿಮಿಷ ದಾಟಿತು. ಡೇಟಾಬೇಸ್ ಮಾಡುವ ನಿಜವಾದ ಕೆಲಸ ಇದರಲ್ಲಿ ಸೇರಿಲ್ಲ. ಜೊತೆಗೆ ಆಟೋಕಮಿಟ್ (ಪ್ರತಿ ಆದೇಶವನ್ನೂ ತಕ್ಷಣ ಕಾಯಂ ಮಾಡುವ ಸೆಟ್ಟಿಂಗ್) ಆನ್ ಇದ್ದರೆ ಪ್ರತಿ ಇನ್ಸರ್ಟೂ ಒಂದು ಟ್ರಾನ್ಸಾಕ್ಷನ್, ಅಂದರೆ ಪೂರ್ತಿ ಆಗಬೇಕು ಇಲ್ಲವೇ ಏನೂ ಆಗಬಾರದು ಅನ್ನುವ ಕೆಲಸದ ಕಟ್ಟು, ಪ್ರತಿ ಸಲವೂ ಡೇಟಾಬೇಸ್‌ನ ಲಾಗ್ ಡಿಸ್ಕ್‌ಗೆ ಇಳಿಯುವ ತನಕ ಕಾಯಬೇಕು.

ಹಾಗಾಗಿ ಒಂದೇ ಇನ್ಸರ್ಟ್‌ನಲ್ಲಿ 500 ಅಥವಾ 1000 ಸಾಲು (ರೆಕಾರ್ಡ್) ಹಾಕಿ, ಕೆಲವು ಸಾವಿರಕ್ಕೊಮ್ಮೆ ಕಮಿಟ್ ಮಾಡಿ, ಅಂದರೆ ಕಾಯಂ ಮಾಡಿ. ಇನ್ನೂ ದೊಡ್ಡದು ಮಾಡಿದರೆ ಲಾಭ ಕಮ್ಮಿಯಾಗುತ್ತಾ ಹೋಗುತ್ತದೆ, ಮಿತಿಗಳೂ ಅಡ್ಡ ಬರುತ್ತವೆ: ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಂದು ಸ್ಟೇಟ್‌ಮೆಂಟ್‌ಗೆ 65535 ಪ್ಯಾರಾಮೀಟರ್ (ಜೊತೆಗೆ ಕಳಿಸುವ ಮೌಲ್ಯ) ಮಾತ್ರ, ಅಂದರೆ 20 ಕಾಲಂ ಇರುವ ಟೇಬಲ್‌ಗೆ 3276 ಸಾಲು. ಜಾವಾದಿಂದ ಮೈಎಸ್‌ಕ್ಯೂಎಲ್‌ಗೆ ಬರೆಯುವವರು ಒಂದು ವಿಷಯ ಗಮನಿಸಿ. ಬ್ಯಾಚ್‌ಗೆ ಸೇರಿಸಿದ ಮಾತ್ರಕ್ಕೆ ಎಲ್ಲ ಒಟ್ಟಿಗೆ ಹೋಗುವುದಿಲ್ಲ, ಕನೆಕ್ಷನ್ ಸೆಟ್ಟಿಂಗ್‌ನಲ್ಲಿ 'ರೀರೈಟ್‌ಬ್ಯಾಚ್ಡ್‌ಸ್ಟೇಟ್‌ಮೆಂಟ್ಸ್' ಆನ್ ಮಾಡಬೇಕು. ಡೇಟಾ ಫೈಲ್‌ನಲ್ಲೇ ಇದ್ದರೆ ಇನ್ಸರ್ಟ್ ಗೊಡವೆಯೇ ಬೇಡ: ಪೋಸ್ಟ್‌ಗ್ರೆಸ್‌ನ ಕಾಪಿ, ಮೈಎಸ್‌ಕ್ಯೂಎಲ್‌ನ ಲೋಡ್ ಡೇಟಾ ಇರುವುದೇ ಇದಕ್ಕೆ.

ಓದುವಾಗ ಎಲ್ಲರೂ ಎಡವುವ ಜಾಗ ಆಫ್‌ಸೆಟ್, ಅಂದರೆ 'ಇಷ್ಟು ಸಾಲು ಬಿಟ್ಟು ಮುಂದಿನದು ಕೊಡು' ಅನ್ನುವುದು. 'ಲಿಮಿಟ್ 1000 ಆಫ್‌ಸೆಟ್ 900000' ಅಂದರೆ ಡೇಟಾಬೇಸ್ ನೇರವಾಗಿ ಅಲ್ಲಿಗೆ ಜಿಗಿಯುತ್ತದೆ ಅಂದುಕೊಂಡಿರುತ್ತೇವೆ, ಅಲ್ವಾ? ಇಲ್ಲ. ಒಂಬತ್ತು ಲಕ್ಷ ಸಾಲು ದಾಟಿ, ಅಷ್ಟನ್ನೂ ಎಸೆದು, ಆಮೇಲೆ ಸಾವಿರ ಕೊಡುತ್ತದೆ. 10 ಲಕ್ಷದ ಟೇಬಲ್ಲನ್ನು ಹೀಗೆ ಸಾವಿರ ಸಾವಿರ ಓದಿ ಮುಗಿಸುವಷ್ಟರಲ್ಲಿ ಅದು ದಾಟಿದ ಸಾಲು ಒಟ್ಟು ಸುಮಾರು 50 ಕೋಟಿ! ಇದರ ಬದಲು ಕೊನೆಯ ಐಡಿ ನೆನಪಿಟ್ಟುಕೊಂಡು, 'ಐಡಿ ಇದಕ್ಕಿಂತ ದೊಡ್ಡದು, ಐಡಿ ಪ್ರಕಾರ ಸಾಲಾಗಿ, ಮೊದಲ 1000' ಎಂದು ಕೇಳಿ. ಡೇಟಾಬೇಸ್ ಇಂಡೆಕ್ಸ್ (ಪುಸ್ತಕದ ಸೂಚಿಯಂಥ ಪಟ್ಟಿ) ಹಿಡಿದು ಸೀದಾ ಅಲ್ಲಿಗೇ ಹೋಗುತ್ತದೆ, ಕೊನೆಯ ಬ್ಯಾಚೂ ಮೊದಲನೆಯದರಷ್ಟೇ ಬೇಗ. ತಾರೀಖಿನ ಪ್ರಕಾರ ಬೇಕಿದ್ದರೆ ತಾರೀಖಿನ ಜೊತೆ ಐಡಿಯನ್ನೂ ಸೇರಿಸಿ ಹೋಲಿಸಿ, ಇಲ್ಲದಿದ್ದರೆ ಒಂದೇ ತಾರೀಖಿನ ಸಾಲುಗಳು ತಪ್ಪಿಹೋಗುತ್ತವೆ. ಆ ಕೊನೆಯ ಐಡಿಯನ್ನು ಬ್ಯಾಚ್‌ನ ಕೆಲಸ ನಡೆಯುವ ಟ್ರಾನ್ಸಾಕ್ಷನ್‌ನಲ್ಲೇ ಒಂದು ಪುಟ್ಟ ಟೇಬಲ್‌ಗೂ ಬರೆದಿಡಿ. ನಡುರಾತ್ರಿ ಜಾಬ್ ನಿಂತುಹೋದರೆ ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಸಬಹುದು.

ಲೂಪ್ ಒಳಗೆ ಇನ್ನೊಂದು ಸೆಲೆಕ್ಟ್ ಇದ್ದರೆ ಹೊರಗೆ ತೆಗೆಯಿರಿ. ಬ್ಯಾಚ್‌ನ ಐಡಿಗಳೆಲ್ಲ ಒಟ್ಟುಗೂಡಿಸಿ ಒಂದೇ ಕ್ವೆರಿಯಲ್ಲಿ ತಂದು ಮೆಮೊರಿಯಲ್ಲಿ ಜೋಡಿಸಿಕೊಳ್ಳಿ. ಲೆಕ್ಕ ಸರಳವಾಗಿದ್ದರೆ ಡೇಟಾವನ್ನು ಕೋಡ್‌ಗೆ ತರುವುದೇ ದಂಡ, ಒಂದು ಅಪ್‌ಡೇಟ್ ಸ್ಟೇಟ್‌ಮೆಂಟ್ ಸಾಕು.

ಹಾಗಂತ ಕೋಟಿ ಸಾಲನ್ನು ಒಂದೇ ಏಟಿಗೆ ಅಪ್‌ಡೇಟ್ ಮಾಡಬೇಡಿ. ಅಷ್ಟೂ ಹೊತ್ತು ಬೇರೆಯವರು ಆ ಸಾಲುಗಳನ್ನು ಬದಲಿಸದಂತೆ ಲಾಕ್ ಹಿಡಿದಿರುತ್ತದೆ, ಮಧ್ಯೆ ಕೆಟ್ಟರೆ ಪೂರ್ತಿ ಹಿಂದಕ್ಕೆ ಹೋಗುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಒಂದು ಸ್ಟೇಟ್‌ಮೆಂಟ್ ಸುಮಾರು 5000 ಲಾಕ್ ದಾಟಿದರೆ ಅದು ಇಡೀ ಟೇಬಲ್ಲನ್ನೇ ಲಾಕ್ ಮಾಡಲು ನೋಡುತ್ತದೆ. ಡಿಲೀಟ್‌ಗೂ ಇದೇ ಮಾತು: ತುಂಡು ತುಂಡಾಗಿ ಮಾಡಿ. ತಿಂಗಳ ಪ್ರಕಾರ ಪಾರ್ಟಿಷನ್ (ಟೇಬಲ್ಲಿನ ಬೇರೆ ಬೇರೆ ಭಾಗ) ಇದ್ದರೆ ಹಳೇ ಪಾರ್ಟಿಷನ್ ಡ್ರಾಪ್ ಮಾಡಿದರೆ ಆಯಿತು.

ಇಂಡೆಕ್ಸ್ ತೆಗೆದು, ಡೇಟಾ ತುಂಬಿ, ಮತ್ತೆ ಹಾಕುವ ಉಪಾಯ ಖಾಲಿ ಟೇಬಲ್‌ಗೆ ಸರಿ, ಜನ ಬಳಸುತ್ತಿರುವ ಟೇಬಲ್‌ಗೆ ಬೇಡವೇ ಬೇಡ. ಒಂದೇ ಹೊತ್ತಿಗೆ ಕೆಲಸ ಮಾಡುವ ಒಂದಕ್ಕಿಂತ ಜಾಸ್ತಿ ವರ್ಕರ್ ಪ್ರೋಗ್ರಾಂ ಓಡಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ, ಐಡಿ ರೇಂಜ್ ಹಂಚಿ ಕೊಟ್ಟರೆ ಒಂದರ ಕಾಲಿಗೆ ಇನ್ನೊಂದು ಸಿಕ್ಕುವುದಿಲ್ಲ.

ಇಷ್ಟಾದ ಮೇಲೆ ಪ್ರತಿ ಬ್ಯಾಚ್‌ಗೆ ಹಿಡಿದ ಸಮಯವನ್ನು ಲಾಗ್‌ನಲ್ಲಿ ಬರೆಸಿ. ಎಲ್ಲವೂ ಒಂದೇ ಸಮ ನಿಧಾನವಾಗಿದ್ದರೆ ಎಕ್ಸ್‌ಪ್ಲೇನ್ (ಕ್ವೆರಿ ಹೇಗೆ ನಡೆಯುತ್ತದೆ ಎಂದು ತೋರಿಸುವ ಆದೇಶ) ಹಾಕಿ ಕ್ವೆರಿ ನೋಡಿ. ಬ್ಯಾಚ್‌ನಿಂದ ಬ್ಯಾಚ್‌ಗೆ ಸಮಯ ಏರುತ್ತಿದ್ದರೆ ಬಹುಶಃ ಎಲ್ಲೋ ಆಫ್‌ಸೆಟ್ ಉಳಿದುಕೊಂಡಿದೆ, ಇಲ್ಲವೇ ಹೈಬರ್ನೇಟ್‌ನಂಥ ಓಆರ್‌ಎಂ (ಟೇಬಲ್ಲಿನ ಸಾಲುಗಳನ್ನು ಕೋಡ್‌ನ ಆಬ್ಜೆಕ್ಟ್‌ಗಳಾಗಿ ಮಾಡಿಕೊಡುವ ಲೈಬ್ರರಿ) ಹಳೇ ಆಬ್ಜೆಕ್ಟ್‌ಗಳನ್ನೆಲ್ಲ ಸೆಷನ್‌ನಲ್ಲಿ ಹೊತ್ತುಕೊಂಡು ಕೂತಿದೆ. ಬ್ಯಾಚ್ ಮುಗಿದಾಗಲೆಲ್ಲ ಸೆಷನ್ ಫ್ಲಶ್ ಮಾಡಿ (ಬಾಕಿ ಬದಲಾವಣೆ ಡೇಟಾಬೇಸ್‌ಗೆ ಕಳಿಸಿ), ಕ್ಲಿಯರ್ ಮಾಡಿ (ಖಾಲಿ ಮಾಡಿ).