ಸಿಯೋಲ್‌ನಲ್ಲಿ ಕಲ್ತ ಯಾಕ್ವಾ, ರಾಗಿ ಮೊಳಕೆ ಪಾಕದಲ್ಲಿ ಕೊನೆಗೂ ಸೆಟ್ ಆಯ್ತು – ನನ್ನ ಅನುಭವ

ಕೊರಿಯಾ ಟೂರಿಗೆ ಹೋದೋರು ಎರಡ್ಮೂರು ಗಂಟೆ ಸ್ವೀಟ್ ಕ್ಲಾಸಲ್ಲಿ ಏನ್ ಕಲಿತಾರೆ, ಏಪ್ರನ್ ಹಾಕ್ಕೊಂಡು ಫೋಟೋ ತೆಗೆಸ್ಕೊಂಡು ಬರ್ತಾರೆ ಅಷ್ಟೇ ಅಂದೋರೇ ಜಾಸ್ತಿ. ನನ್ನ ಭಾವಮೈದ ಕೇಟರಿಂಗ್ ಮಾಡೋನು, ಅವನಂತೂ "ಭಾವ, ಆ ದುಡ್ಡಲ್ಲಿ ಇನ್ನೊಂದು ಗ್ರೈಂಡರ್ ಬರ್ತಿತ್ತು" ಅಂದ. ಈ ದೀಪಾವಳಿಗೆ ನಮ್ಮ ಅಂಗಡಿ ಬಾಕ್ಸಲ್ಲಿ ಅಲ್ಲಿ ಕಲ್ತ ಕೊರಿಯನ್ ಸಿಹಿ ಯಾಕ್ವಾ ಹೋಯ್ತು, ತಿಂದೋರು ವಾಪಸ್ ಬಂದು ಕೇಳಿದ್ರು, ಅದೇ ಭಾವಮೈದ ಒಂದು ಮದುವೆ ಆರ್ಡರ್‌ಗೆ ನನ್ ಹತ್ರಾನೇ ತಗೊಂಡ. ಅದಕ್ಕೇ ಬರೀತಿದೀನಿ. ಸ್ವೀಟ್ ಕೆಲಸ ಗೊತ್ತಿರೋರಿಗೆ ಬರೀತಿರೋದು, ಪಾಕ ಅಂದ್ರೇನು, ಜಾರ ಹೆಂಗ್ ಹಿಡೀಬೇಕು ಅಂತೆಲ್ಲ ಹೇಳ್ತಾ ಕೂರಲ್ಲ.

ನಮ್ಮದು ಮೈಸೂರಲ್ಲಿ ಸಣ್ಣ ಕಾಂಡಿಮೆಂಟ್ಸ್. ತಂಗಿ ಮಗ ಸಿಯೋಲ್ ಹತ್ರದ ಸುವೋನ್‌ನಲ್ಲಿ ಕೆಲಸ ಮಾಡ್ತಾನೆ, ಬನ್ನಿ ಬನ್ನಿ ಅಂತ ಎರಡು ವರ್ಷದಿಂದ ಕರೀತಿದ್ದ, ಉಳ್ಕೊಳ್ಳೋ ಖರ್ಚು ಇಲ್ವಲ್ಲ ಅಂತ ನಾನು ನನ್ನಾಕೆ ಹೊರಟ್ವಿ. ಬೆಂಗಳೂರಿಂದ ಹಾಂಗ್‌ಕಾಂಗ್ ಮೇಲೆ ಹೋಗೋ ಟಿಕೆಟ್ಟು, ವೀಸಾ ಎಲ್ಲಾ ಸೇರಿ ಇಬ್ಬರಿಗೆ ಒಂದು ಲಕ್ಷದ ಮೇಲೇ ಆಯ್ತು, ಅದನ್ನ ಕ್ಲಾಸಿನ ಲೆಕ್ಕಕ್ಕೆ ಹಾಕಲ್ಲ ನಾನು. ಭಾವಮೈದ ಹಾಕ್ತಾನೆ.

ಯಾಕ್ವಾ ನೋಡದೇ ಇರೋರು ನಮ್ಮ ಬಾದುಷಾದ ದಾಯಾದಿ ಅನ್ಕೊಳ್ಳಿ. ಮೊಸರು, ಸೋಡಾ, ತುಪ್ಪ ಯಾವ್ದೂ ಇಲ್ಲ. ಮೈದಾಗೆ ಹುರಿದ ಎಳ್ಳಿನ ಎಣ್ಣೆ ಉಜ್ಜಿ, ಜೇನು, ಶುಂಠಿ ರಸ, ಸೋಜು ಅನ್ನೋ ಅಲ್ಲಿನ ಮದ್ಯ ಹಾಕಿ ಕೂಡಿಸಿ, ಕಮ್ಮಿ ಕಾವಲ್ಲಿ ಕರಿದು, ಅಕ್ಕಿ ಪಾಕದಲ್ಲಿ ಮುಳುಗಿಸಿಡೋದು. ಮೊಟ್ಟೆ ಇಲ್ಲ, ಹಾಗಾಗಿ ನಮ್ಮಂಥೋರು ಧೈರ್ಯವಾಗಿ ತಿನ್ನಬಹುದು, ಈಗಿನ ಕೆಫೆಗಳಲ್ಲಿ ಯಾಕ್ವಾ ಕುಕಿ ಅಂತ ಕೊಡೋದ್ರಲ್ಲಿ ಮಾತ್ರ ಬೆಣ್ಣೆ ಮೊಟ್ಟೆ ಇರುತ್ತೆ, ಕೇಳಿ ತಗೊಳ್ಳಿ. ಹಬ್ಬಕ್ಕೆ, ಹಿರಿಯರ ಪೂಜೆಗೆ ಇಡೋ ಹಳೇ ಸಿಹಿ ಇದು, 2022–23ರ ಹೊತ್ತಿಗೆ ಅಲ್ಲಿ ಹುಡುಗ ಹುಡುಗೀರೆಲ್ಲ ಮುಗಿಬಿದ್ದು, ಹೆಸರಾದ ಅಂಗಡಿಗಳ ಆನ್‌ಲೈನ್ ಸ್ಟಾಕ್ ನಿಮಿಷಗಳಲ್ಲಿ ಖಾಲಿಯಾಗ್ತಿತ್ತು. ಹಿಂದೆ ಗೊರ್ಯೋ ರಾಜರ ಕಾಲದಲ್ಲಿ ಎಣ್ಣೆ ಜೇನಿನ ಈ ಸಿಹಿಗಳಿಗೆ ದುಂದು ಅಂತ ನಿಷೇಧಾನೂ ಹಾಕಿದ್ರಂತೆ. ಈಗಿನ ಎಣ್ಣೆ ರೇಟ್ ನೋಡಿದ್ರೆ ಅವರು ಮಾಡಿದ್ದು ಸರಿ ಅನ್ಸುತ್ತೆ.

ಮೊದಲನೇ ಕ್ಲಾಸು ಸಿಯೋಲ್‌ನ ಅಂಗುಕ್ ಸ್ಟೇಷನ್ ಕಡೆ, ಬುಕ್ಚೋನ್ ಹಳೇ ಮನೆಗಳ ಏರಿಯಾದಲ್ಲಿ. ಹೆಸರು ಬೇಡ. ಒಬ್ಬೊಬ್ಬರಿಗೆ 70 ಸಾವಿರ ವೊನ್ ಹತ್ರ, ಅಂದ್ರೆ ನಮ್ಮ ನಾಲ್ಕು ಸಾವಿರದ ಮೇಲೆ. ಹೋಗಿ ಕೂತ್ರೆ ಹಿಟ್ಟು ಆಗಲೇ ಕಲಸಿಟ್ಟಿದಾರೆ, ನಾವು ಅಚ್ಚಿಗೆ ಒತ್ತಿ ಒತ್ತಿ ಕೊಡೋದು, ಒಳಗಡೆ ಯಾರೋ ಹುಡುಗಿ ಕರಿದು ತರ್ತಾಳೆ, ಮೇಲೆ ಕುಂಬಳ ಬೀಜ ಇಟ್ಟು ಡಬ್ಬಿಗೆ ಹಾಕಿ ರಿಬ್ಬನ್ ಕಟ್ಟೋಕೆ ಅರ್ಧ ಗಂಟೆ! ಪಾಕ ಯಾವ್ದು ಅಂತ ಕೇಳಿದ್ರೆ ಸಿರಪ್ ಅಂತಾರೆ. ನನ್ನಾಕೆಗೆ ಖುಷಿಯಾಯ್ತು, ಹಾನ್‌ಬೋಕ್ ಅಂತ ಅಲ್ಲಿನ ಸಾಂಪ್ರದಾಯಿಕ ಉಡುಪು ಹಾಕ್ಕೊಂಡು ಫೋಟೋ ತೆಗೆಸ್ಕೊಂಡ್ಳು. ನಂಗೆ ಹೊಟ್ಟೆ ಉರೀತು. ಇಷ್ಟಕ್ಕೇ ನಿಲ್ಸಿದ್ರೆ ಭಾವಮೈದ ಹೇಳಿದ್ದೇ ನಿಜ ಆಗ್ತಿತ್ತು.

ಆಮೇಲೆ ತಂಗಿ ಮಗನ್ನ ಹಿಡ್ಕೊಂಡು ಬೇರೆ ದಾರಿ ಮಾಡ್ದೆ. ಇಂಗ್ಲಿಷಲ್ಲಿ ಜಾಹೀರಾತು ಇರೋ ಕ್ಲಾಸ್ ಬೇಡ, ಕೊರಿಯನ್ನಲ್ಲಿ ಮಾತ್ರ ಇರೋ ಸಣ್ಣ ವರ್ಕ್‌ಶಾಪ್ ಹುಡುಕು, ಅಲ್ಲಿನ ಹೆಂಗಸರು ಬಿಸಿನೆಸ್ ಶುರು ಮಾಡೋಕೆ ಹೋಗಿ ಕಲಿತಾರಲ್ಲ ಅಂಥದ್ದು ಅಂದೆ. ಮಾಪೋ ಕಡೆ ಒಬ್ಬರು ಸಿಕ್ಕಿದ್ರು, ನಮ್ಮ ವಯಸ್ಸಿನವರೇ, ಮನೆಯ ಕೆಳಗೆ ಒಂದೇ ರೂಮಿನ ಅಡುಗೆಮನೆ. ಒಬ್ಬರಿಗೇ ಪಾಠ ಅಂದ್ರೆ ಒಂದೂಕಾಲು ಲಕ್ಷ ವೊನ್ ಅಂದ್ರು, ಏಳೂವರೆ ಸಾವಿರ ರೂಪಾಯಿ. ತಂಗಿ ಮಗ ಮೂರು ಷರತ್ತು ಮೊದಲೇ ಮೆಸೇಜ್ ಮಾಡ್ದ. ಹಿಟ್ಟು ಕೂಡಿಸೋದ್ರಿಂದ ಹಿಡಿದು ಎಲ್ಲಾ ನನ್ ಕೈಲೇ ಆಗ್ಬೇಕು, ಕರಿಯೋದು ನಾನೇ, ಮತ್ತೆ ಒಂದೇ ಐಟಂ ಎರಡು ಸಲ ಮಾಡ್ಬೇಕು. ಮೂರನೇದಕ್ಕೆ ಆಯಮ್ಮ ಯಾಕೆ ಅಂತ ಕೇಳಿದ್ರಂತೆ, ನಮ್ ಮಾವ ಅಂಗಡಿಯವರು ಅಂದಿದ್ದಕ್ಕೆ ಒಪ್ಕೊಂಡ್ರು. ನಾಲ್ಕು ಐಟಂ ಕಲಿಸೋ ಪ್ಯಾಕೇಜ್ ತಗೋಬೇಡಿ, ನಾಲ್ಕೂ ಬರಲ್ಲ. ಒಂದನ್ನೇ ಎರಡು ಸಲ ಮಾಡಿದ್ರೆ ಕೈಗೆ ಕೂರುತ್ತೆ, ಇಡೀ ಗುಟ್ಟು ಇಷ್ಟೇ.

ನಾನು ಮೈಸೂರಿಂದಾನೇ ಪಾಕೆಟ್ ತೂಕದ ಸ್ಕೇಲು, ಎಣ್ಣೆಗೆ ಇಳಿಸೋ ಥರ್ಮಾಮೀಟರ್ ತಗೊಂಡ್ ಹೋಗಿದ್ದೆ. ಟೀಚರಮ್ಮ ಚಮಚದ ಲೆಕ್ಕ ಹೇಳ್ತಾರೆ, ನಾನು ಪ್ರತಿ ಚಮಚಾನೂ ಸ್ಕೇಲ್ ಮೇಲೆ ಇಡೋದು. ಮೊದಲು ನಕ್ಕರು, ಆಮೇಲೆ ಅವರೇ ಬಗ್ಗಿ ನೋಡೋಕೆ ಶುರು ಮಾಡಿದ್ರು. ಮಾತೆಲ್ಲ ಫೋನಲ್ಲಿ ಪಪಾಗೋ ಅನ್ನೋ ಅನುವಾದದ ಆಪ್ ಇಟ್ಕೊಂಡು, ಆದ್ರೆ ಕೈ ಹಿಟ್ಟಲ್ಲಿ ಇರೋವಾಗ ಫೋನ್ ಯಾರು ಒತ್ತುತಾರೆ, ಅರ್ಧ ಪಾಠ ಬರೀ ಕಣ್ಣು ಕೈಯಲ್ಲೇ ನಡೀತು.

ನೆನಪಿರೋ ಅಳತೆ ಹೇಳ್ತೀನಿ. ಕಾಲು ಕೇಜಿ ಮೈದಾಗೆ ಎಣ್ಣೆ 55–60 ಗ್ರಾಂ, ಉಪ್ಪು ಚಿಟಿಕೆ, ಚಕ್ಕೆ ಪುಡಿ, ಮೆಣಸು. ಎಣ್ಣೆ ಉಜ್ಜಿದ ಮೇಲೆ ಜರಡಿ ಹಿಡೀಬೇಕು, ಇದನ್ನ ಬಿಡಬೇಡಿ, ಹಿಟ್ಟಿನ ಒಂದೊಂದು ಕಾಳಿಗೂ ಎಣ್ಣೆ ತಾಗ್ಬೇಕು. ಜೇನು ಪ್ಲಸ್ ಸೋಜು ಸೇರಿ 90–100 ಗ್ರಾಂ. ಕಲಸೋದಲ್ಲ, ನಾದೋದಂತೂ ಇಲ್ವೇ ಇಲ್ಲ. ನಾನು ಅಭ್ಯಾಸಬಲದಲ್ಲಿ ಅಂಗೈ ಒತ್ತಿದ ತಕ್ಷಣ ಆಯಮ್ಮ ಕೈ ಹಿಡ್ಕೊಂಡ್ಬಿಟ್ರು. ಸ್ಕ್ರೇಪರಲ್ಲಿ ಕತ್ತರಿಸೋ ಹಾಗೆ ಕೂಡಿಸಿ, ಪುಡಿ ಪುಡಿ ಇರೋವಾಗ್ಲೇ ಒತ್ತಿ ಚಪ್ಪಟೆ ಮಾಡಿ, ಎರಡು ಹೋಳು ಮಾಡಿ ಒಂದ್ರ ಮೇಲೆ ಒಂದಿಟ್ಟು ಮತ್ತೆ ಒತ್ತೋದು, ಹೀಗೆ ನಾಲ್ಕೈದು ಸಲ. ನೋಡೋಕೆ ಒರಟಾಗಿ ಬಿರುಕು ಬಿಟ್ಕೊಂಡೇ ಇರುತ್ತೆ, ಹಾಗೇ ಇರ್ಬೇಕು. ಚೌಕ ಕತ್ತರಿಸಿ ಮಧ್ಯೆ ಫೋರ್ಕಲ್ಲಿ ಚುಚ್ಚೋದು.

ಕರಿಯೋದೇ ಕಷ್ಟದ ಭಾಗ. ಎರಡು ಪಾತ್ರೆ, ಒಂದ್ರಲ್ಲಿ ಎಣ್ಣೆ 100 ಡಿಗ್ರಿ ಆಸುಪಾಸು, ಇನ್ನೊಂದ್ರಲ್ಲಿ 150. ಮೊದಲನೇದಕ್ಕೆ ಹಾಕಿದ್ರೆ ಏನೂ ಆಗಲ್ಲ, ತಳದಲ್ಲಿ ಸುಮ್ನೆ ಕೂತಿರುತ್ತೆ, ಸ್ವೀಟ್ ಮಾಡೋನ ಕೈ ಉರಿ ಜಾಸ್ತಿ ಮಾಡು ಅಂತ ಕಡೀತಿರುತ್ತೆ. ಐದಾರು ನಿಮಿಷಕ್ಕೆ ಬದಿಯಿಂದ ಸಣ್ಣ ಗುಳ್ಳೆ ಬರ್ತವೆ, ಆಮೇಲೆ ನಿಧಾನಕ್ಕೆ ತೇಲುತ್ತೆ, ತೇಲ್ತಾ ತೇಲ್ತಾ ಪಕ್ಕದಲ್ಲಿ ಪದರ ಬಿಡಿಸ್ಕೊಳ್ಳುತ್ತೆ. ಹತ್ತು ಹದಿನೈದು ನಿಮಿಷ ಬೇಕು. ಪದರ ಬಿಟ್ಟ ಮೇಲೆ ಎರಡನೇ ಪಾತ್ರೆಗೆ, ಬಣ್ಣ ಬರೋವರೆಗೆ ಮಾತ್ರ. ತೆಗೆದು ಓರೆಯಾಗಿ ನಿಲ್ಲಿಸಿ ಎಣ್ಣೆ ಪೂರ್ತಿ ಬಸೀಬೇಕು, ಎಣ್ಣೆ ಒಳಗಿದ್ರೆ ಪಾಕ ಒಳಗೆ ಹೋಗಲ್ಲ. ಆಮೇಲೆ ಬೆಚ್ಚಗಿನ ಪಾಕದಲ್ಲಿ ರಾತ್ರಿಯಿಡೀ. ಕ್ಲಾಸಲ್ಲಿ ಅಷ್ಟು ಟೈಮ್ ಎಲ್ಲಿ, ಪಾಕದ ಸಮೇತ ಡಬ್ಬಿಗೆ ಹಾಕಿ ಕೊಟ್ರು, ಮೆಟ್ರೋದಲ್ಲಿ ಸುವೋನ್‌ವರೆಗೆ ತೊಡೆ ಮೇಲೆ ಇಟ್ಕೊಂಡು ಹೋದೆ. ಬೆಳಗ್ಗೆ ಮುರಿದ್ರೆ ಒಳಗಿನ ಪದರದ ಸಂದು ಸಂದಲ್ಲೂ ಪಾಕ ಇಳ್ದಿತ್ತು.

ಊರಿಗೆ ಬಂದ ಮೇಲೆ ಶುರುವಾಯ್ತು ನಿಜವಾದ ಆಟ. ನಮ್ಮ ಅಂಗಡಿ ಬರ್ನರ್ ಉರಿಗೆ ನೂರು ಡಿಗ್ರಿ ಅನ್ನೋದೇ ಗೊತ್ತಿಲ್ಲ, ಎಷ್ಟು ಸಣ್ಣ ಮಾಡಿದ್ರೂ 130ಕ್ಕೆ ಏರುತ್ತೆ. ಮೇಲೆ ಕೆಂಪು, ಒಳಗೆ ಹಸಿ ಹಿಟ್ಟು. ಬಾಣಲೆ ಕೆಳಗೆ ದಪ್ಪ ದೋಸೆ ಕಾವಲಿ ಇಟ್ಟ ಮೇಲೆ ಹತೋಟಿಗೆ ಬಂತು. ಇನ್ನೊಂದು ಬ್ಯಾಚ್ ಎಣ್ಣೇಲಿ ಪೂರ್ತಿ ಉದುರಿ ಹೋಯ್ತು, ಹಿಟ್ಟಿಗೆ ಉಜ್ಜೋ ಎಣ್ಣೆ ಜಾಸ್ತಿಯಾದ್ರೆ ಹಂಗಾಗುತ್ತೆ, ಬಾಣಲೆ ಎಣ್ಣೆಯೆಲ್ಲ ಸೋಸಿ ಸೋಸಿ ಸಾಕಾಯ್ತು. ಎಳ್ಳೆಣ್ಣೆ ವಿಷಯ ಬೇರೆ, ನಮ್ಮ ಗಾಣದ ಎಳ್ಳೆಣ್ಣೆ ಹಸಿ ಎಳ್ಳಿಂದು, ಅಲ್ಲಿಯದ್ದು ಎಳ್ಳು ಹುರಿದು ತೆಗೆದಿದ್ದು, ಘಮ ಬೇರೇನೇ. ನಾನೀಗ ಗಾಣದವನ ಹತ್ರ ಹುರಿದ ಎಳ್ಳು ಕೊಟ್ಟು ಆಡಿಸ್ಕೊಂಡು ಬರ್ತೀನಿ, ಅವನು ಮೊದಲ ಸಲ ನನ್ನ ಮುಖ ನೋಡಿದ್ದು ನೋಡ್ಬೇಕಿತ್ತು.

ಸೋಜು ಮನೇಲಿ ಗಲಾಟೆ ಮಾಡ್ತು. "ರೀ, ಹಬ್ಬದ ಬಾಕ್ಸಿಗೆ ಎಣ್ಣೆ ಹಾಕ್ತೀರಾ?" ಅಂದ್ಳು, ಅವಳ ಪ್ರಕಾರ ಅದು ಕುಡಿಯೋ ಎಣ್ಣೆ. ಕರಿಯೋವಾಗ ಬಹುಪಾಲು ಹಾರಿ ಹೋಗುತ್ತೆ ಅಂದ್ರೂ ಕೇಳ್ಲಿಲ್ಲ, ನಿಜ ಹೇಳ್ಬೇಕಂದ್ರೆ ಗಿರಾಕಿಗೆ ಗೊತ್ತಾದ್ರೆ ನಂಗೂ ಕಷ್ಟ. ತಣ್ಣನೆ ಸೋಡಾ ನೀರು ಹಾಕಿ ನೋಡ್ದೆ, ಪದರ ಅಷ್ಟು ಬರ್ಲಿಲ್ಲ. ನಿಂಬೆ ರಸ, ಪರವಾಗಿಲ್ಲ. ಈಗ ಹಾಕ್ತಿರೋದು ಬೇರೆ ಒಂದು, ಎಲ್ಲರ ಮನೇಲೂ ಇರೋದೇ, ಹಾಲಿನವನ ಹತ್ರಾನೇ ಸಿಗುತ್ತೆ, ಹೆಸರು ಮಾತ್ರ ಹೇಳಲ್ಲ, ಅದು ನಂಗೇ ಇರ್ಲಿ.

ಪಾಕದ ವಿಷಯಕ್ಕೆ ಬರ್ತೀನಿ, ಜನ ನಂಬದೇ ಇದ್ದಿದ್ದು ಇದನ್ನೇ. ಸಕ್ಕರೆ ಪಾಕದಲ್ಲಿ ಹಾಕಿದ್ರೆ ಮಾರನೇ ದಿನ ಬೆಳ್ಳಗೆ ಹರಳು ಕಟ್ಟುತ್ತೆ, ಆಗ ಅದು ಬಾದುಷಾನೇ. ಲಿಕ್ವಿಡ್ ಗ್ಲುಕೋಸ್ ಸೇರಿಸಿದ್ರೆ ಹೊಳಪು ಬರುತ್ತೆ, ರುಚಿ ಇಲ್ಲ. ಅಲ್ಲಿ ಹಾಕೋದು ಜೋಚಂಗ್, ಅಕ್ಕಿ ಅನ್ನಕ್ಕೆ ಬಾರ್ಲಿ ಮೊಳಕೆ ಪುಡಿ ಹಾಕಿ ಸಿಹಿ ಮಾಡಿ ಬತ್ತಿಸಿದ ಪಾಕ, ಸಕ್ಕರೆ ಒಂದು ಕಾಳೂ ಇಲ್ಲ. ಅಲ್ಲಿ ಸೂಪರ್‌ಮಾರ್ಕೆಟಲ್ಲಿ 700 ಗ್ರಾಂ ಬಾಟಲಿ ನಾಲ್ಕೈದು ಸಾವಿರ ವೊನ್, ಚೆಕ್‌ಇನ್ ಬ್ಯಾಗಲ್ಲಿ ಒಂದಿಷ್ಟು ತಂದಿದ್ದೆ, ಎಷ್ಟು ದಿನ ಬರುತ್ತೆ? ನಮ್ಮ ಸ್ವೀಟ್‌ನವರ ಗ್ರೂಪಲ್ಲಿ ರಾಗಿ ಮೊಳಕೆಯಲ್ಲಿ ಮಾಡ್ತೀನಿ ಅಂದ್ರೆ ಎಲ್ಲಾ ನಕ್ಕರು, ಸಕ್ಕರೆ ಬೆಲ್ಲ ಇಲ್ದೆ ಪಾಕ ಎಲ್ಲಿಂದ ಬರುತ್ತೆ ಅಂತ.

ಮೊದಲು ಅಂಗಡಿ ರಾಗಿ ಮಾಲ್ಟ್ ಹಾಕಿದ್ದಕ್ಕೆ ಗಂಜಿ ಗಂಜಿಯಾಗೇ ಉಳೀತು. ಯಾಕಂದ್ರೆ ಅದನ್ನ ಹುರಿದಿರ್ತಾರೆ, ಹುರಿದ್ರೆ ಅನ್ನಾನ ಸಿಹಿ ಮಾಡೋ ಮೊಳಕೆಯ ಶಕ್ತಿ ಸತ್ತಂಗೆ. ಈಗ ನಾನೇ ರಾಗಿ ನೆನೆಹಾಕಿ, ಬಟ್ಟೇಲಿ ಕಟ್ಟಿ ಮೂರು ದಿನ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೇರು ಉಜ್ಜಿ ತೆಗೆದು ತರಿ ತರಿ ಬೀಸ್ತೀನಿ. ಒಂದು ಕೇಜಿ ಅಕ್ಕಿಗೆ ಇನ್ನೂರು ಗ್ರಾಂ ಹತ್ರ. ಅನ್ನ ಮಾಡಿ, ನೀರು ಸೇರಿಸಿ 60 ಡಿಗ್ರಿ ಸುತ್ತಮುತ್ತ ಇರೋ ಹಾಗೆ ರೈಸ್ ಕುಕ್ಕರ್ ವಾರ್ಮ್‌ನಲ್ಲಿ ಆರೇಳು ಗಂಟೆ. ಕುಕ್ಕರ್ ವಾರ್ಮ್ ಒಂದೊಂದು ಕಂಪನಿದು ಒಂದೊಂದು ಥರ, 75 ದಾಟಿದ್ರೆ ಕೆಲಸ ನಿಲ್ಲುತ್ತೆ, ತಣ್ಣಗಾದ್ರೆ ಹುಳಿ ವಾಸನೆ, ಹಂಗಾಗಿ ಥರ್ಮಾಮೀಟರ್ ಇಳಿಸಿ ನೋಡಿ. ಆದಾಗ ಅನ್ನದ ಅಗುಳು ಟೊಳ್ಳಾಗಿ ಒಂದೆರಡು ಮೇಲೆ ತೇಲ್ತವೆ, ಹಿಚುಕಿದ್ರೆ ಸಿಪ್ಪೆ ಮಾತ್ರ, ನೀರು ನೆಕ್ಕಿದ್ರೆ ಸಿಹಿ. ಹಿಂಡಿ ಸೋಸಿ ಮೂರ್ನಾಲ್ಕು ಗಂಟೆ ಬತ್ತಿಸಿದ್ರೆ ಮುಕ್ಕಾಲು ಕೇಜಿ ಹತ್ರ ಹತ್ರ ಬರುತ್ತೆ, ಬಣ್ಣ ಅಲ್ಲಿಯದ್ದಕ್ಕಿಂತ ಕೆಂಪು, ವಾಸನೆ ನಮ್ಮ ರಾಗಿದು. ಗ್ಯಾಸ್ ಸೇರಿ ಕೇಜಿಗೆ 180–200 ಬೀಳ್ತಿದೆ. ಗ್ರೂಪಿಗೆ ವಿಡಿಯೋ ಹಾಕಿದ್ದಕ್ಕೆ ಒಬ್ಬರು ಬೆಲ್ಲ ಹಾಕಿದೀರ ಅಂತ ಬರೆದ್ರು. ಬನ್ನಿ ಅಂಗಡಿಗೆ, ಎದುರಿಗೇ ಮಾಡಿ ತೋರಿಸ್ತೀನಿ ಅಂದೆ, ಇನ್ನೂ ಬಂದಿಲ್ಲ.

ಅದೇ ಪಾಕ ಮಿಕ್ಕಿದ್ರೆ ಹುರಿಗಡಲೆ ಪುಡಿಗೆ ಹಾಕಿ ಗಟ್ಟಿಯಾಗಿ ಕಲಸಿ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆಗೆ ಒತ್ತಿ ನೋಡ್ದೆ. ಅವರು ದಾಸಿಕ್ ಅಂತ ಸೋಯಾ ಹಿಟ್ಟು, ಕರಿ ಎಳ್ಳಲ್ಲಿ ಹೀಗೇ ಜೇನು ಹಾಕಿ ಒತ್ತಿ ಮಾಡ್ತಾರೆ, ಕರಿಯೋದೂ ಇಲ್ಲ ಏನೂ ಇಲ್ಲ. ಗಿಳಿ, ತೇರು ಚೆನ್ನಾಗೇ ಬಂತು, ಆದ್ರೆ ಅಚ್ಚಿಗೆ ಅಂಟ್ಕೊಂಡು ತೆಗೆಯೋದೇ ಸಾಹಸ, ಎಳ್ಳೆಣ್ಣೆ ಸವರಿದ್ರೂ ಗಿಳಿ ಕೊಕ್ಕು ಅಲ್ಲೇ ಉಳಿಯುತ್ತೆ. ಮಾರೋಕಾಗಲ್ಲ, ಮಕ್ಕಳು ತಿಂದು ಮುಗಿಸಿದ್ರು.

ಒಂದು ಯಾಕ್ವಾಗೆ ನಂಗೆ ಒಂಬತ್ತು ಹತ್ತು ರೂಪಾಯಿ ಬೀಳುತ್ತೆ ಕೂಲಿ ಬಿಟ್ಟು, 25ಕ್ಕೆ ಕೊಡ್ತೀನಿ. ಎರಡೂ ಕ್ಲಾಸಿನ ದುಡ್ಡು ದೀಪಾವಳಿಯೊಳಗೇ ಬಂತು, ಸಾಮಾನಿನ ದುಡ್ಡೂ ಬಂತು. ಎರಡು ವಾರ ಆರಾಮಾಗಿ ಇರುತ್ತೆ, ಎರಡನೇ ದಿನದ್ದೇ ಹೆಚ್ಚು ರುಚಿ.

ಹೋಗೋರಿದ್ರೆ ಅಚ್ಚು, ಡಬ್ಬಿ ಎಲ್ಲಾ ಬುಕ್ಚೋನ್ ಕಡೆ ತಗೋಬೇಡಿ, ಗ್ವಾಂಗ್‌ಜಾಂಗ್ ಮಾರ್ಕೆಟ್ ಪಕ್ಕ ಬಂಗ್‌ಸಾನ್ ಮಾರ್ಕೆಟ್ ಇದೆ, ಬೇಕರಿ ಸಾಮಾನು ಪ್ಯಾಕಿಂಗ್‌ಗೇ ಹೆಸರುವಾಸಿ, ಉಲ್ಜಿರೋ 4-ಗಾ ಸ್ಟೇಷನ್‌ನಲ್ಲಿ ಇಳೀರಿ. ಒಣ ಖರ್ಜೂರದ ಥರದ ಅವರ ಬೋರೆಹಣ್ಣು, ಪೈನ್ ಬೀಜ, ಬಾರ್ಲಿ ಮೊಳಕೆ ಪುಡಿ ಬೇಕಂದ್ರೆ ಗ್ಯಂಗ್‌ಡಾಂಗ್ ಮಾರ್ಕೆಟ್ ಅಗ್ಗ. ಬಂಗ್‌ಸಾನ್‌ನಲ್ಲಿ ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತೆ, ವಾರದ ದಿನ ಹೋಗಿ.